ಬಲಗಡೆಯ ಬಾಲ್ಕನಿ

ನಮ್ಮ ಕಾಕಾರ ಬಲಗೈ ಮೊಣಕೈವರೆಗೆ ಯಾವಾಗಲೂ ಬೂದುಬಣ್ಣಕ್ಕೆ ಇರುತ್ತಿತ್ತು. ಗೋವಿನಜೋಳದ ಧೂಳು ಕೂದಲ ಬುಡಕ್ಕೆ ಹತ್ತಿಕೊಂಡು, ಎಷ್ಟು ತಿಕ್ಕಿ ತೊಳೆದರೂ ಪೂರ್ತಿ ಹೋಗುತ್ತಿರಲಿಲ್ಲ. ಹಿರೇಕೆರೂರಿನಲ್ಲಿ ಅವರದು ದಲಾಲಿ ಅಂಗಡಿ. ಚೀಲದ ಬಾಯಲ್ಲಿ ಕಾಣುವ ಕಾಳನ್ನು ಅವರು ಎಂದೂ ನಂಬಿದವರಲ್ಲ. ಅಂಗಿಯ ತೋಳು ಮಡಚಿ, ಕೈಯನ್ನು ಚೀಲದ ನಡುವಿಗೆ ಇಳಿಸಿ, ಅಲ್ಲಿಂದ ಒಂದು ಹಿಡಿ ತೆಗೆದು, ಒಂದೆರಡು ಕಾಳು ಬಾಯಿಗೆ ಹಾಕಿ ಕಡಿದು ನೋಡುವರು. ಟಕ್ಕೆಂದು ಒಡೆದರೆ ಸರಿ. ಹಲ್ಲಿಗೆ ಮೆತ್ತಗೆ ಸಿಕ್ಕರೆ, "ಇನ್ನ ಎರಡ ಬಿಸಲ ಬೇಕ್ರಿ ಇದಕ್ಕ" ಎಂದು ರೈತನಿಗೆ ಹೇಳಿ ಮುಂದಿನ ಚೀಲಕ್ಕೆ ಹೋಗುವರು.

ಮಾತು ಕಡಿಮೆ. ನಮ್ಮಜ್ಜ ಎತ್ತಿನ ವ್ಯಾಪಾರ ಮಾಡುತ್ತಿದ್ದವರು. ಎತ್ತಿನ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರ ಕೈಮೇಲೂ ಟವೆಲ್ ಹೊದಿಸಿ, ಅದರೊಳಗೆ ಬೆರಳು ಒತ್ತಿ ತಿಳಿಸುತ್ತಾರೆ. ಒಪ್ಪದವನು ಕೈ ಹಿಂದಕ್ಕೆಳೆದುಕೊಳ್ಳುತ್ತಾನೆ, ಅಷ್ಟೇ. ಕಾಕಾ ಈ ಪದ್ಧತಿಯನ್ನು ಸಂಸಾರಕ್ಕೂ ತಂದಿದ್ದರು. ಅವರ ಹೆಂಡತಿ, ನಮ್ಮ ಕಾಕುವಿಗೆ, ಮದುವೆಯಾದ ಹೊಸದರಲ್ಲೇ ದಮ್ಮು ಹತ್ತಿತ್ತು. ಉಸಿರು ಸಿಕ್ಕಿಕೊಂಡಾಗ ಮಾತು ಹೊರಡುತ್ತಿರಲಿಲ್ಲ, ನಾಲ್ಕು ಜನರ ನಡುವೆ ಹೇಳಿಕೊಳ್ಳಲು ನಾಚಿಕೆ ಬೇರೆ. ಹಾಗಾಗಿ ಬಸ್ಸಿನಲ್ಲಾಗಲಿ, ಬಳಗದವರ ಮನೆಯಲ್ಲಾಗಲಿ ಕಾಕಾ ಆಕೆಯ ಪಕ್ಕದಲ್ಲೇ ಕುಳಿತು, ಹೆಗಲ ಟವೆಲನ್ನು ತೊಡೆಯ ಮೇಲೆ ಹಾಸಿಕೊಳ್ಳುವರು. ಕಾಕುವಿನ ಕೈ ಅದರ ಕೆಳಗೆ ಬರುತ್ತಿತ್ತು. ಒಂದು ಬೆರಳು ಒತ್ತಿದರೆ ನೀರು ಬೇಕು, ಎರಡು ಒತ್ತಿದರೆ ಬಾಗಿಲು ತೆಗೆಸಬೇಕು, ಮುಷ್ಟಿಯಾಗಿ ಹಿಡಿದರೆ ಹೊರಗೆ ಕರೆದೊಯ್ಯಬೇಕು.

ಅಪ್ಪ ತೀರಿಕೊಂಡ ಮೇಲೆ ನಾನು ಬೆಳೆದದ್ದು, ಓದಿದ್ದು ಅವರ ಮನೆಯಲ್ಲಿಯೇ. ಅವರಿಗೆ ಮಕ್ಕಳಿರಲಿಲ್ಲ. ಆ ಮನೆಯ ಮುಂಬಾಗಿಲಿಗೆ ಅಗಳಿ ಹಾಕಿದ್ದನ್ನು ನಾನು ಕಂಡಿಲ್ಲ. ಬಾಗಿಲು ಮುಚ್ಚಿದ ಖೋಲಿಯಲ್ಲಿ ಕಾಕುವಿಗೆ ದಮ್ಮು ಏಳುತ್ತಿತ್ತು. ಪಡಸಾಲೆಯಲ್ಲಿ ಆಕೆ ಮಲಗಿದರೆ, ತೆರೆದ ಬಾಗಿಲಿಗೆ ಅಡ್ಡಲಾಗಿ ಕಾಕಾರ ಹಾಸಿಗೆ. ಕಳ್ಳ ಬಂದರೆ ಮೊದಲು ಇವರನ್ನು ದಾಟಬೇಕಲ್ಲ ಎಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು.

ಒಮ್ಮೆ ಹಾನಗಲ್ಲಿನಲ್ಲಿ ಬಳಗದವರ ಮದುವೆ. ಸೀರೆ ಉಡಲೆಂದು ಹೆಣ್ಣುಮಕ್ಕಳೆಲ್ಲ ಒಂದು ಖೋಲಿ ಹೊಕ್ಕು ಬಾಗಿಲು ಹಾಕಿಕೊಂಡರು. ಕಾಕುವೂ ಒಳಗಿದ್ದಳು. ಚಪ್ಪರದಲ್ಲಿ ಕುಳಿತಿದ್ದ ಕಾಕಾ ತುಸು ಹೊತ್ತಿನ ಮೇಲೆ ಅದನ್ನು ಕಂಡವರೇ ಎದ್ದು ಹೋಗಿ ಬಾಗಿಲು ಬಡಿದರು. "ಗಂಡಸರು ಬರಬ್ಯಾಡ್ರಿ, ತಡೀರಿ!" ಎಂದು ಒಳಗಿನವರು ನಕ್ಕರು. ಕಾಕಾ ಹೆಗಲು ಕೊಟ್ಟು ಬಾಗಿಲು ದೂಡಿದರು. ಮೂಲೆಯಲ್ಲಿ ಕುಸಿದಿದ್ದ ಕಾಕುವಿನ ತುಟಿ ನೀಲಿಗಟ್ಟಿತ್ತು. ಆಕೆಯನ್ನು ಎತ್ತಿಕೊಂಡು, ಬೀಗರು, ಹಿರಿಯರು ಎಲ್ಲರ ಮುಂದೆಯೇ ಹಾದು ಬಯಲಿಗೆ ತಂದು ಕೂರಿಸಿದರು. ಹೆಣ್ಣುಮಕ್ಕಳ ಖೋಲಿಗೆ ನುಗ್ಗಿದ್ದು ಸರಿಯಲ್ಲ ಎಂದು ಯಾರೋ ಹಿರಿಯರು ಆಕ್ಷೇಪ ತೆಗೆದರು. "ಇಕಿ ಉಸರಿಗಿಂತ ನಿಮ್ಮ ರೀತಿ ದೊಡ್ಡದೇನ್ರಿ?" ಎಂದು ಕೇಳಿದ ಕಾಕಾ ಉಣ್ಣದೆ ಬಸ್ಸು ಹತ್ತಿದರು. ಆಮೇಲೆ ಅವರಿಬ್ಬರೂ ಯಾರ ಮನೆಯಲ್ಲೂ ರಾತ್ರಿ ವಸ್ತಿ ಉಳಿಯಲಿಲ್ಲ.

ನನ್ನ ಮದುವೆಯಾಗಿ ನಾನು ಸವಣೂರಿಗೆ ಬಂದೆ. ಬಹಳ ವರ್ಷಗಳ ಮೇಲೆ, ಈಚೆಗೆ, ಶಿಗ್ಗಾವಿಯಲ್ಲಿ ಒಂದು ಮನೆಯ ಗೃಹಪ್ರವೇಶದಲ್ಲಿ ನೆಂಟರ ಹುಡುಗಿಯೊಬ್ಬಳು ತಾನು ಹೋಗಿಬಂದ ಹಡಗಿನ ವಿಡಿಯೊವನ್ನು ಫೋನಿನಲ್ಲಿ ತೋರಿಸಿದಳು. ಖೋಲಿಯ ಬಾಗಿಲು ಸರಿಸಿದರೆ ಸಣ್ಣ ಬಾಲ್ಕನಿ, ಅದರಾಚೆ ಬರೀ ನೀರು. ಜೀವಮಾನದಲ್ಲಿ ಏನನ್ನೂ ಕೇಳದ ಕಾಕು, "ಇನ್ನೊಮ್ಮಿ ಹಚ್ಚ ನೋಡೋಣ" ಎಂದಳು. ಅದು ಮುಗಿದ ಮೇಲೆ ಮತ್ತೊಮ್ಮೆ ಹಚ್ಚಿಸಿಕೊಂಡಳು. ಕಾಕಾ ದೂರದಿಂದ ಅದನ್ನು ನೋಡುತ್ತಿದ್ದರು.

ಮುಂದಿನ ವಾರ ಅವರು ಸವಣೂರಿನ ನಮ್ಮ ಮನೆಗೆ ಬಂದರು. ನಾನಿಟ್ಟ ಖಾರದ ತಿಂಡಿಯ ತಟ್ಟೆಯನ್ನು ಮುಟ್ಟದೆ, "ತಂಗೀ, ಹಡಗದಾಗ ಒಂದ ಖೋಲಿ ನೋಡಬೇಕಲ್ಲ. ನಿಮ್ಮ ಕಾಕುಗ" ಎಂದರು. ನಾನು ಮೊದಲು ನಕ್ಕೆ. ಅವರ ಮುಖ ನೋಡಿ ನಗು ನಿಲ್ಲಿಸಿದೆ. ಹಾವೇರಿಯ ಡಾಕ್ಟರನ್ನು ಆಗಲೇ ಕೇಳಿಕೊಂಡು ಬಂದಿದ್ದರು. ಗಾಳಿ ಆಡುವಲ್ಲಿ ಇದ್ದರೆ, ಔಷಧ ಕೈಯಲ್ಲಿದ್ದರೆ ಹೋಗಿಬರಬಹುದು, ಮುಚ್ಚಿದ ಜಾಗ ಮಾತ್ರ ಬೇಡ ಎಂದಿದ್ದರಂತೆ. ಮುಂಬಯಿಯಿಂದ ಕೊಚ್ಚಿಗೆ ಎರಡು ದಿನದ ಹಡಗು, ಅಲ್ಲಿಂದ ರೈಲಿನಲ್ಲಿ ವಾಪಸು, ಜೊತೆಗೆ ನಾನು ಎಂದು ತೀರ್ಮಾನವಾಯಿತು.

ಹುಬ್ಬಳ್ಳಿಯ ಏಜೆಂಟರೊಬ್ಬರು ಹಡಗಿನ ನಕ್ಷೆಯನ್ನು ಫೋನಿಗೆ ಕಳಿಸಿದರು. ಒಳಭಾಗದ ಖೋಲಿಗಳಿಗೆ ಕಿಟಕಿಯೇ ಇಲ್ಲ, ಅವು ಮೊದಲೇ ಬೇಡವಾದವು. ಕಿಟಕಿಯಿದ್ದವುಗಳ ಗಾಜು ತೆರೆಯುವುದಿಲ್ಲ, ಅವೂ ಹೋದವು. ಉಳಿದದ್ದು ಬಾಲ್ಕನಿಯ ಖೋಲಿಗಳು. ಅಲ್ಲಿಗೆ ಮುಗಿಯಿತೆಂದು ನಾನು ಅಂದುಕೊಂಡೆ, ಕಾಕಾರಿಗೆ ಕೆಲಸ ಶುರುವಾದದ್ದೇ ಆಗ. ಏಜೆಂಟರು ಮೇಲಿನ ಅಂತಸ್ತಿನ, ಹಡಗಿನ ಮುಂತುದಿಯ ದೊಡ್ಡ ಬಾಲ್ಕನಿಯನ್ನು ಬಾಯ್ತುಂಬ ಹೊಗಳಿದರು. "ಇದು ಚೀಲದ ಬಾಯಾಗಿನ ಕಾಳು" ಎಂದು ಕಾಕಾ ನನಗೆ ಮೆಲ್ಲಗೆ ಹೇಳಿದರು. ಹಾವೇರಿಗೆ ಹೋಗುವ ಬಸ್ಸಿನಲ್ಲೂ ಕಾಕುವನ್ನು ಹಿಂದಿನ ಗಾಲಿಯ ಮೇಲೆ ಕೂರಿಸದೆ ನಡುವಿನ ಸೀಟು ಹುಡುಕುವವರು ಅವರು. ಹಡಗು ಕೂಡ ತುದಿಯಲ್ಲಿ, ಎತ್ತರದಲ್ಲಿ ಜಾಸ್ತಿ ತೂಗಾಡುತ್ತದೆ ಎಂದು ಕೇಳಿ ತಿಳಿದುಕೊಂಡರು. ಹಾಗಾಗಿ ನಡುಭಾಗ, ಕೆಳಗಿನ ಅಂತಸ್ತು. ತೀರ ಕೆಳಗಿನ ಬಾಲ್ಕನಿಗಳ ಮುಂದೆ ಅಪಾಯಕಾಲದ ದೋಣಿಗಳು ಅಡ್ಡ ಬಂದಿದ್ದವು. ಒಂದು ಖೋಲಿಯ ನೆತ್ತಿಯ ಮೇಲೆ ಕುಣಿಯುವ ಹಾಲ್. ಇನ್ನೊಂದರ ಪಕ್ಕ ಸಿಗರೇಟು ಸೇದುವ ಜಾಗ. "ಹೊಗಿ ಬಂತಂದ್ರ ಇಕಿ ಕಥಿ ಮುಗೀತು" ಎಂದು ಅದನ್ನೂ ಬಿಟ್ಟರು.

ಅಷ್ಟಾದ ಮೇಲೆ ಬಾಲ್ಕನಿಯ ಕಟಕಟೆಯ ಪ್ರಶ್ನೆ ಬಂತು. ಕೆಲವು ಬಾಲ್ಕನಿಗಳಿಗೆ ಗಾಜು, ಕೆಲವಕ್ಕೆ ಕಬ್ಬಿಣದ ತಗಡು. ನಾನು ಹಿರೇಕೆರೂರಿಗೆ ಹೋದ ದಿನ ಕಾಕಾ ಪಡಸಾಲೆಯಲ್ಲಿ ಕಾಕುವನ್ನು ಕುರ್ಚಿಯ ಮೇಲೆ ಕೂರಿಸಿ, ಆಕೆಯ ಕಣ್ಣಿನ ಮಟ್ಟಕ್ಕೆ ಗೋಡೆಯ ಮೇಲೆ ಇದ್ದಿಲ ಗೆರೆ ಎಳೆಯುತ್ತಿದ್ದರು. ಹೆಚ್ಚು ಹೊತ್ತು ನಿಲ್ಲಲಾರದ ಆಕೆಗೆ ಕುಳಿತಲ್ಲಿಂದ ನೀರು ಕಾಣದಿದ್ದರೆ ಬಾಲ್ಕನಿ ಯಾಕೆ ಬೇಕು? ತಗಡಿನವು ಬೇಡವಾದವು, ಗಾಜಿನವು ಉಳಿದವು. ನಾನು ಬೇಸತ್ತು, "ಕಾಕಾ, ಹೆಣ್ಣ ನೋಡಾಕ ಹೋದಾಗನೂ ನೀವ ಇಷ್ಟ ನೋಡಿರ್ಲಿಕ್ಕಿಲ್ಲ" ಎಂದೆ. "ಅವಾಗ ನೋಡಿದ್ದು ನಮ್ಮಪ್ಪ" ಎಂದರು. ಕಾಕು ಸೆರಗು ಬಾಯಿಗಿಟ್ಟು ನಕ್ಕಳು.

ಕೊನೆಗೆ ಉಳಿದದ್ದು ಎಡವೋ ಬಲವೋ ಎಂಬುದು. ಏಜೆಂಟರು ಫೋನಿನಲ್ಲಿದ್ದರು. ದಕ್ಷಿಣಕ್ಕೆ ಹೋಗುವ ಹಡಗಿನ ಎಡಬದಿಗೆ ನಮ್ಮ ನೆಲವಿರುತ್ತದೆ, ಬಲಬದಿಗೆ ಬರೀ ಸಮುದ್ರ ಎಂದು ವಿವರಿಸಿದರು. ಕಾಕಾ ಯೋಚಿಸಲೇ ಇಲ್ಲ. "ಎಡಗಡೆ ಇರ್ಲಿ ಬಿಡ್ರಿ. ದಂಡಿ ಕಾಣತಿದ್ರ ಇಕಿಗೂ ಧೈರ್ಯ ಇರತೈತಿ" ಎಂದರು.

ಕಾಕು ಪಕ್ಕದಲ್ಲೇ ಕುಳಿತಿದ್ದಳು. ಆಕೆಯ ಕೈ ಕಾಕಾರ ತೊಡೆಯ ಮೇಲಿನ ಟವೆಲಿನ ಕೆಳಗೆ ಹೋದದ್ದನ್ನು ನಾನು ಕಂಡೆ. ಉಸಿರು ಸರಿಯಾಗಿಯೇ ಇತ್ತು. ಕಾಕಾ ಆ ಕೈಯನ್ನು ಹಿಡಿದುಕೊಂಡರು. ಕಾಕು ಅದನ್ನು ಹಿಂದಕ್ಕೆ ಎಳೆದುಕೊಂಡಳು.

ಕಾಕಾ ಆಕೆಯ ಕಡೆ ತಿರುಗಿದರು. "ತಡೀರಿ" ಎಂದು ಫೋನಿಗೆ ಹೇಳಿ, "ಯಾಕ?" ಎಂದು ಆಕೆಯನ್ನು ಕೇಳಿದರು.

"ದಂಡಿ ನೋಡಾಕ ಅಷ್ಟ ದೂರ ಯಾಕ ಹೋಗಬೇಕ್ರಿ?" ಕಾಕುವಿನ ದನಿ ಸಣ್ಣದಾಗಿತ್ತು, ನಡುಗುತ್ತಿರಲಿಲ್ಲ. "ಎಲ್ಲೆ ಹೋದ್ರೂ ಕಣ್ಣಿಗೆ ಒಂದ ಗ್ವಾಡಿ ಅಡ್ಡ ಬರತೈತಿ. ಒಮ್ಮೆರ ಏನೂ ಅಡ್ಡ ಇಲ್ಲದ್ದು ನೋಡಬೇಕು. ನನಗ ಅಂಜಿಕಿ ಇಲ್ಲ."

ಕಾಕಾ ಟವೆಲನ್ನು ಮಡಚಿ ಹೆಗಲಿಗೆ ಹಾಕಿಕೊಂಡರು. ಅತ್ತಲಿಂದ ಏಜೆಂಟರು ಹಲೋ ಹಲೋ ಎನ್ನುತ್ತಿದ್ದರು. "ಬಲಗಡೆ ಹಾಕ್ರಿ" ಎಂದಷ್ಟೇ ಹೇಳಿ ಕಾಕಾ ಫೋನನ್ನು ನನ್ನ ಕೈಗಿಟ್ಟು ಹೊರಗೆ ಹೋದರು. ನಾನು ಹೋಗಿ ನೋಡಿದರೆ ಕಟ್ಟೆಯ ಮೇಲೆ ಕುಳಿತಿದ್ದರು, ಕಣ್ಣು ಕೆಂಪಾಗಿದ್ದವು. "ಆಕಿ ಸಲುವಾಗಿ ಜೀವಮಾನ ಬಾಗಲಾ ತೆರೆದ ಇಟ್ಟೆ ತಂಗೀ. ಬಾಗಲದ ಆಚೆ ಏನ ಬೇಕಂತ ಒಂದ ಸಲಾನೂ ಕೇಳಲಿಲ್ಲ ನೋಡು" ಎಂದರು. ಯಾರ ಮುಂದೆಯೂ ಸೋಲದ ಮನುಷ್ಯ ಹಾಗೆ ಕುಳಿತದ್ದನ್ನು ನಾನು ಎಂದೂ ಕಂಡಿರಲಿಲ್ಲ. ನಾನೂ ಪಕ್ಕದಲ್ಲಿ ಕುಳಿತೆ.

ಹೋಗಿ ಬಂದೆವು. ನನ್ನದು ಅವರ ಎದುರಿಗಿನ, ಕಿಟಕಿಯಿಲ್ಲದ ಖೋಲಿ. ಮುಂಜಾನೆ ಚಹಾ ತೆಗೆದುಕೊಂಡು ಹೋದಾಗ ಅವರ ಬಾಲ್ಕನಿಯ ಬಾಗಿಲು ಪೂರ್ತಿ ಸರಿದಿತ್ತು. ಕಾಕು ತಲೆಯ ಮೇಲಿನ ಸೆರಗು ಹಾರಿದ್ದನ್ನೂ ಲಕ್ಷಿಸದೆ ಕುಳಿತಿದ್ದಳು. ಮುಂದೆ ಒಂದು ದೋಣಿಯಿಲ್ಲ, ಒಂದು ಹಕ್ಕಿಯಿಲ್ಲ. ನಾನು ಬಂದದ್ದೂ ಆಕೆಗೆ ತಿಳಿಯಲಿಲ್ಲ. ಕಾಕಾ ಬೆರಳು ತುಟಿಗಿಟ್ಟು ಸುಮ್ಮನಿರು ಎಂದರು. ನಾನು ಚಹಾ ಅಲ್ಲೇ ಇಟ್ಟು ಹಿಂದಿರುಗಿದೆ. ಎರಡೂ ದಿನ ಕಾಕುವಿಗೆ ಒಮ್ಮೆಯೂ ದಮ್ಮು ಏಳಲಿಲ್ಲ.

ಮರುವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ಕಾಕಾ ಹೋದರು. ಅಂಗಡಿಯಲ್ಲಿ ಎದೆ ಹಿಡಿದಂತಾಯಿತಂತೆ. ಒಂದು ಲೋಟ ನೀರು ಕುಡಿದು ಸುಮ್ಮನೆ ಕುಳಿತರಂತೆ. ಕಾಕುವಿಗೆ ಗಾಬರಿಯಾದೀತೆಂದು ಯಾರಿಗೂ ಹೇಳಗೊಡಲಿಲ್ಲ. ಕೊನೆಗೆ ಅಂಗಡಿಯವರು ಆಸ್ಪತ್ರೆಗೆಂದು ಹೊರಡಿಸಿದರೂ ಹಾವೇರಿ ಮುಟ್ಟುವ ಮೊದಲೇ ಮುಗಿದಿತ್ತು. ಅವರ ಉಸಿರನ್ನು ನಾವ್ಯಾರೂ ನೋಡಿಕೊಂಡಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ನಾನು ಕಾಕುವಿನ ಬಳಿ ಕುಳಿತೆ. ಏನಾದರೂ ಸಮಾಧಾನ ಹೇಳಬೇಕಲ್ಲ ಎಂದು, "ಕಡೀಕ ಕಾಕಾ ಸಮುದ್ರಾನರ ಕಣ್ತುಂಬ ನೋಡಿದ್ರು, ಕಾಕು" ಎಂದೆ.

ಕಾಕು ನನ್ನನ್ನೇ ನೋಡಿದಳು. "ಅವರೆಲ್ಲಿ ನೋಡಿದ್ರು ತಂಗೀ. ಎರಡೂ ದಿನ ನನ್ನ ಎದಿ ಏರೋದು ಇಳಿಯೋದು ನೋಡ್ಕೋತ ಕುಂತಿದ್ರು. ಆ ಕಡೆ ನೋಡ್ರಿ ಅಂದ್ರ, ನೀ ನೋಡು, ನಾ ಇಲ್ಲೆ ಅದೀನಿ ಅಂದ್ರು. ನಾ ಅಷ್ಟ ನೀರ ನೋಡಿದ್ದು ಅವರ ಧೈರ್ಯದ ಮ್ಯಾಲೆ."

ಈಗ ಕಾಕು ಸವಣೂರಿನ ನಮ್ಮ ಮನೆಯಲ್ಲಿದ್ದಾಳೆ. ಪಡಸಾಲೆಯಲ್ಲಿ ಆಕೆಯ ಪಕ್ಕದಲ್ಲಿ ನಾನು ಮಲಗುತ್ತೇನೆ. ಆಕೆ ಗಾಢವಾಗಿ ನಿದ್ದೆ ಹೋದ ಮೇಲೂ ನನಗೆ ಬೇಗ ನಿದ್ದೆ ಬರುವುದಿಲ್ಲ. ಒಂದು ಉಸಿರು ಹೊರಗೆ ಹೋದರೆ, ಮುಂದಿನದು ಬರುವವರೆಗೆ ಕಾಯುತ್ತಿರುತ್ತೇನೆ.