ಪೀಟ್ರಪ್ಪನ ಮುಯ್ಯಿ

ಸಾವಿರದ ಒಂಬೈನೂರ ಮೂವತ್ತಾರನೇ ಇಸವಿ, ದೀಪಾವಳಿ ಕಳೆದ ಮೇಲೆ. ಹನಕೆರೆ ಸ್ಟೇಷನ್ನಿನಿಂದ ಒಂದೆರಡು ಮೈಲಿ ಒಳಗಿದ್ದ ಹಳ್ಳಿಯೊಂದರಲ್ಲಿ ನಾನು ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದೆ. ಶಾಲೆಗೆ ನಾನೊಬ್ಬನೇ ಮೇಷ್ಟ್ರು, ಊರಿಗೆಲ್ಲ ಇಂಗ್ಲಿಷ್ ಬಲ್ಲವನೂ ನಾನೊಬ್ಬನೇ. ಆ ನಾಲ್ಕಕ್ಷರ ಇಂಗ್ಲಿಷಿನಿಂದ ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ.

ಒಂದು ಬೆಳಿಗ್ಗೆ ಹುಡುಗರಿಗೆ ಮಗ್ಗಿ ಹೇಳಿಸುತ್ತಿದ್ದೆ. ಇದ್ದಕ್ಕಿದ್ದಂತೆ ಮಗ್ಗಿ ನಿಂತಿತು. ತಿರುಗಿ ನೋಡಿದರೆ ಬಾಗಿಲಿನಷ್ಟೇ ಎತ್ತರದ ಒಬ್ಬ ಬಿಳಿಯ ನಿಂತಿದ್ದಾನೆ. ಬೆನ್ನಿಗೆ ಚೀಲ, ಹೆಗಲಿಗೆ ಸನಿಕೆ, ಬಿಸಿಲಿಗೆ ಸುಲಿದ ಮೂಗು. ಹೆಸರು ಪೀಟರ್, ಡೆನ್ಮಾರ್ಕ್ ದೇಶದವನು. ಅವನ ಇಂಗ್ಲಿಷೂ ನನ್ನ ಇಂಗ್ಲಿಷಿನ ಹಾಗೆಯೇ ಕುಂಟುತ್ತಿದ್ದುದರಿಂದ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಯಾವುದೋ ಸೇವಾಸಂಘದವರು ಕಳಿಸಿದ್ದರಂತೆ. ನಮ್ಮೂರಿನಲ್ಲಿ ಎರಡು ವರ್ಷ ಇದ್ದು, ಸಂಬಳವಿಲ್ಲದೆ, ಚಳಿಜ್ವರ ಹೋಗಲಾಡಿಸುವ ಕೆಲಸ ಮಾಡುತ್ತಾನಂತೆ. ಅಮಲ್ದಾರರ ಅಪ್ಪಣೆಯಾಗಿತ್ತು. ಪಟೇಲ ಬೋರೇಗೌಡರು ಚಾವಡಿಯಲ್ಲಿ ಮಲಗಲು ಜಾಗ ಕೊಟ್ಟರು. ಊಟದ ಜವಾಬ್ದಾರಿಯನ್ನು ನನ್ನ ಕೊರಳಿಗೆ ಕಟ್ಟಿದರು. "ನಿಮ್ಗೆ ಅವನ್ ಭಾಸೆ ಗೊತ್ತಲ್ಲ ಮೇಷ್ಟ್ರೇ" ಎಂಬುದು ಅವರು ಕೊಟ್ಟ ಕಾರಣ. ಭಾಷೆ ಗೊತ್ತಿದ್ದರೆ ಅನ್ನ ಹಾಕಬೇಕೆಂದು ಯಾವ ಶಾಸ್ತ್ರದಲ್ಲಿದೆಯೋ ನನಗೆ ತಿಳಿಯದು. ಬೇಲಿಯಲ್ಲಿ ಹೋಗುವ ಓತಿಕ್ಯಾತವನ್ನು ಕಿವಿಗೆ ಬಿಟ್ಟುಕೊಂಡ ಹಾಗಾಯಿತು.

ಸಂಬಳವಿಲ್ಲದೆ ಕೆಲಸ ಮಾಡುತ್ತಾನೆಂದರೆ ಊರಿನಲ್ಲಿ ಯಾರೂ ನಂಬಲಿಲ್ಲ. "ಏನೋ ಮಾಡ್ಬುಟ್ಟು ಓಡ್ಬಂದವ್ನೆ ಕಣ್ಲಾ" ಎಂದರು ಕೆಲವರು. ನಾಲೆ ನೀರಿಗೆ ಹೊಸ ಕಂದಾಯ ಹಾಕಲು ಸರ್ಕಾರದವರೇ ಬಿಟ್ಟ ಗೂಢಚಾರ ಎಂದರು ಇನ್ನು ಕೆಲವರು. ಖಾದಿ ಟೋಪಿಯ ವಾಲಂಟಿಯರುಗಳನ್ನು ನಾವು ಮದ್ದೂರಿನ ಕಡೆ ಕಂಡಿದ್ದೆವು. ಹಡಗು ಹತ್ತಿ ಬಂದು ಚರಂಡಿ ತೋಡುವ ವಾಲಂಟಿಯರನ್ನು ಮಾತ್ರ ಯಾರೂ ಕೇಳಿಯೂ ಇರಲಿಲ್ಲ.

ಚಳಿಜ್ವರದ ಮಾತು ಮಾತ್ರ ನಿಜ. ಹೊಸ ನಾಲೆಗೆ ನೀರು ಬಿಟ್ಟು ಕೆಲವು ವರ್ಷಗಳಾಗಿದ್ದವು. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ, ಕಬ್ಬು ಬಂದವು, ಜೊತೆಗೆ ಸೊಳ್ಳೆಯೂ ಬಂತು. ನಾಲೆಯಿಂದ ಜಿನುಗಿದ ನೀರು ಊರ ಮುಂದಿನ ತಗ್ಗಿನಲ್ಲಿ ವರ್ಷವಿಡೀ ನಿಂತಿರುತ್ತಿತ್ತು. ಆ ತಗ್ಗಿನ ಅಂಚಿನಲ್ಲೇ ನಾವಿದ್ದ ಮನೆ. ನನ್ನ ಮಗಳು ಪದ್ಮನಿಗೆ ಆಗ ನಾಲ್ಕು ವರ್ಷ. ದಿನ ಬಿಟ್ಟು ದಿನ ಮೂರು ಕಂಬಳಿ ಹೊದಿಸಿದರೂ ನಡುಗುತ್ತಿದ್ದಳು. ಹೊಟ್ಟೆಯಲ್ಲಿ ಜ್ವರಗಡ್ಡೆ ಬೆಳೆದು ಕೈಗೇ ಸಿಗುತ್ತಿತ್ತು. ಮಂಡ್ಯದ ಡಾಕ್ಟರು ಕ್ವಿನೈನ್ ಕೊಟ್ಟು, "ಮೇಷ್ಟ್ರೇ, ಇನ್ನೊಂದು ಮಳೆಗಾಲ ಆ ನೀರಿನ ಪಕ್ಕದಲ್ಲಿ ಈ ಮಗುವನ್ನ ಇಟ್ಕೋಬೇಡಿ" ಎಂದಿದ್ದರು. ಎಲ್ಲಿಗೆ ಕರೆದುಕೊಂಡು ಹೋಗಲಿ? ಮಳವಳ್ಳಿಯ ನಮ್ಮ ಮನೆ ಅಣ್ಣಂದಿರಿಗೆ ಪಾಲಾಗಿ, ನನಗೆ ಅಲ್ಲಿ ಚಾಪೆ ಹಾಸುವಷ್ಟು ಜಾಗವಿರಲಿಲ್ಲ. ವರ್ಗ ಕೇಳಿ ಬರೆದರೆ ಮೇಲಿನವರಿಂದ ಉತ್ತರವೇ ಇಲ್ಲ.

ಪೀಟರ್ ನಾಲ್ಕು ದಿನ ತಗ್ಗಿನ ಸುತ್ತ ಕಡ್ಡಿ ನೆಟ್ಟು, ಹಗ್ಗ ಹಿಡಿದು ಅಳೆದ. ತಗ್ಗಿನಿಂದ ಹಳ್ಳದವರೆಗೆ ಒಂದು ಕಾಲುವೆ ತೋಡಿದರೆ ನೀರೆಲ್ಲ ಹರಿದುಹೋಗುತ್ತದೆ, ಊರಿನವರೆಲ್ಲ ಕೈಹಾಕಿದರೆ ಮಳೆಗೆ ಮುಂಚೆ ಮುಗಿಯುತ್ತದೆ ಎಂದು ಹೇಳಿ, ಐದನೆಯ ದಿನ ತಾನೇ ಅಗೆಯಲು ನಿಂತ. ನನಗಾದ ಸಂತೋಷ ಇಷ್ಟಲ್ಲ. ಆದರೆ ಊರಿನವರು ಏನು ಮಾಡಿದರು ಗೊತ್ತೇ? ಬದುವಿನ ಮೇಲೆ ಸಾಲಾಗಿ ಕುಳಿತು ನೋಡಿದರು! ಎಲೆಅಡಿಕೆ ಹಾಕಿಕೊಂಡು, ಅವನು ಸನಿಕೆ ಹಿಡಿಯುವ ರೀತಿ ಸರಿಯಿಲ್ಲವೆಂದು ಆಡಿಕೊಂಡರು. ಕಾಮಗಾರಿ ತನಿಖೆಗೆ ಬಂದ ಇಂಜಿನಿಯರುಗಳಿಗೂ ಅಷ್ಟು ಗತ್ತು ಇರುವುದಿಲ್ಲ.

ನಾನು ಪಟೇಲರ ಹತ್ತಿರ ಹೋಗಿ, "ಗೌಡ್ರೇ, ಇದು ನಿಮ್ಮೂರಿನ ಕೆಲಸ. ನಾಲ್ಕು ಜನ ಇಳಿಯಬಾರದೆ?" ಎಂದೆ.

"ನಾಲೆ ಸರ್ಕಾರದ್ದು, ನೀರು ಸರ್ಕಾರದ್ದು. ಸೊಳ್ಳೆನೂ ಸರ್ಕಾರದ್ದೇ ಅಲ್ವಾ ಮೇಷ್ಟ್ರೇ?" ಎಂದರು. ಆಮೇಲೆ ನಗು ನಿಲ್ಲಿಸಿ, "ಅದಿರ್ಲಿ. ಇವತ್ತು ಅವ ನಮ್ಗೆ ಗೇದ್ರೆ, ನಾಳೀಕೆ ನಾವು ಅವನ್ಗೆ ಗೇಯ್ಬೇಕು. ಮುಯ್ಯಿ ಅಂದ್ಮೇಲೆ ಅಂಗೇ. ಅವನ್ ಒಲ ಎಲ್ಲೈತೆ?" ಎಂದು ಕೇಳಿದರು.

ಮುಯ್ಯಿಯ ಕಟ್ಟು ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಸೀಮೆಯಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಕೂಲಿಯಿಲ್ಲದೆ ಆಳಾಗಿ ಹೋಗುತ್ತಾರೆ. ಹೊಲದವರು ಊಟ ಹಾಕಬೇಕು. ಆಮೇಲೆ ಬಂದವರ ಹೊಲಕ್ಕೆ ಅವರೂ ಹೋಗಿ ಗೆಯ್ದು ತೀರಿಸಬೇಕು. ತೀರಿಸದೆ ಉಳಿಸಿಕೊಂಡರೆ ಆ ಮನೆಗೆ ಮರ್ಯಾದೆಯಿಲ್ಲ.

"ಅವನ ಹೊಲ ಡೆನ್ಮಾರ್ಕಿನಲ್ಲಿದೆ. ಅವನ ತಾಯಿ ನೋಡಿಕೊಳ್ಳುತ್ತಿದ್ದಾರೆ" ಎಂದೆ.

"ಎಷ್ಟು ದೂರ?"

"ಹಡಗಿನಲ್ಲಿ ಒಂದು ತಿಂಗಳು."

"ನೋಡಿ ಮತ್ತೆ! ನಾವ್ ಓಗಿ ಗೇಯ್ಕೊಟ್ಟು ಬರಾಕಾಯ್ತದಾ? ತೀರ್ಸಾಕಾಗ್ದ ಮುಯ್ಯಿ ನಮ್ಗೆ ಬ್ಯಾಡ. ಜೊತೇಲಿ ಇಳುದ್ರೆ ಅವನ್ ಗೇಮೆ ಒಪ್ಕಂಡಂಗಾಯ್ತದೆ, ಅದ್ಕೇ ಯಾರೂ ಇಳೀನಿಲ್ಲ."

ಇದನ್ನು ಪೀಟರನಿಗೆ ಹೇಳಿದೆ. ಅವನಿಗೆ ಖುಷಿಯೋ ಖುಷಿ. "ತೀರಿಸುವುದೇ ಬೇಡ, ನನ್ನದು ಸೇವೆ ಎಂದು ಹೇಳು" ಎಂದ. ಪಟೇಲರಿಗೆ ಹೇಳಿದೆ. ಅವರ ಮುಖ ಕೆಂಪಾಯಿತು. "ನಾವೇನ್ ತಿರುಪೆಯೋರಾ, ಪುಕ್ಕಟೆ ಗೇಯ್ಸ್ಕೊಳ್ಳಾಕೆ?" ಎಂದು ಎದ್ದೇಬಿಟ್ಟರು. ಕೂಲಿ ಕೊಟ್ಟಾದರೂ ಜನರನ್ನು ಕರೆಯೋಣವೆಂದರೆ ಪೀಟರ್ ಒಪ್ಪ. ಜನ ತಾವಾಗಿಯೇ ಬರಬೇಕಂತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಡುವೆ ಆ ಕಡೆಯ ಮಾತು ಈ ಕಡೆಗೆ, ಈ ಕಡೆಯದು ಆ ಕಡೆಗೆ ಹೊತ್ತು ನನ್ನ ಗಂಟಲು ಒಣಗಿತು. ಒಳಗೆ ಪದ್ಮ ಕಂಬಳಿಯ ಕೆಳಗೆ ನಡುಗುತ್ತಿದ್ದಳು.

ಚಳಿಗಾಲ ಕಳೆದು ಬೇಸಿಗೆ ಬಂತು. ಪೀಟರ್ ಒಬ್ಬನೇ ಅಗೆಯುತ್ತಲೇ ಇದ್ದ. ಅಷ್ಟಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಬೇಸರವಾದಾಗ ಯಾರದೋ ಗದ್ದೆಗೆ ಹೇಳದೆ ಕೇಳದೆ ಇಳಿದು ಕಳೆ ಕೀಳುತ್ತಿದ್ದ. ಗದ್ದೆಯವನು ಗಾಬರಿಯಾಗಿ, ಮುಯ್ಯಿ ಉಳಿದೀತೆಂದು, ಸಂಜೆಯೊಳಗೆ ಒಂದು ಕುಂಬಳಕಾಯಿ ಕಳಿಸುತ್ತಿದ್ದ. ಎಲ್ಲಿಗೆ? ಅವನಿಗೆ ಊಟ ಹಾಕುವ ನಮ್ಮ ಮನೆಗೆ! ಜಗಲಿಯ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಕುಂಬಳಕಾಯಿ ಬಿದ್ದವು. "ಏನೂಂದ್ರೆ, ಆ ಪುಣ್ಯಾತ್ಮನಿಗೆ ಸುಮ್ಮನೆ ಕೂತ್ಕೊಳ್ಳೋಕೆ ಹೇಳಿ. ನಾನು ಇನ್ನು ಎಷ್ಟು ಹುಳಿ ಮಾಡಲಿ?" ಎಂದು ನನ್ನ ಹೆಂಡತಿ ಕಮಲ ದಿನಾ ಗೊಣಗುತ್ತಿದ್ದಳು.

ಇದರ ಜೊತೆಗೆ ಅವನು ಕನ್ನಡವನ್ನೂ ಕಲಿತ. ನನ್ನಿಂದಲ್ಲ, ಗದ್ದೆಯಲ್ಲಿ ಆರು ಕಟ್ಟಿ ಉಳುವವರಿಂದ. ಅಮಲ್ದಾರರು ಸರ್ಕೀಟು ಬಂದಾಗ, "ಬಾರ್ಲಾ, ಕುಂತ್ಕೊ" ಎಂದು ಪ್ರೀತಿಯಿಂದ ಕರೆದ. ನಾನು ಚಾವಡಿ ಕಂಬದ ಮರೆಗೆ ಸರಿದೆ.

ವೈಶಾಖದ ಕೊನೆಯಲ್ಲಿ ಪದ್ಮನಿಗೆ ಹಿಂದೆಂದೂ ಬಾರದಂಥ ಜ್ವರ ಬಂತು. ಎರಡು ದಿನ ಕಣ್ಣು ಬಿಡಲಿಲ್ಲ, ನಮ್ಮ ಗುರುತೂ ಹಿಡಿಯಲಿಲ್ಲ. ಮೂರನೆಯ ಬೆಳಿಗ್ಗೆ ಜ್ವರ ಇಳಿದು ಕಣ್ಣು ಬಿಟ್ಟಳು. ಕಮಲ ಮಗುವಿಗೆ ಎರಡು ಚಮಚ ಗಂಜಿ ಕುಡಿಸಿ, ನನ್ನ ತೊಡೆಯ ಮೇಲೆ ಮಲಗಿಸಿ, ಸೆರಗು ಹೊದ್ದು ಹೊರಗೆ ಹೊರಟಳು. ಗಂಡಸರಿದ್ದ ಕಡೆ ತಲೆಯೆತ್ತದವಳು ನೇರವಾಗಿ ಬದುವಿನ ಹತ್ತಿರ ಹೋದಳು. ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಹಿಂದೆಯೇ ಓಡಿದೆ.

"ಗೌಡ್ರೇ, ಈ ಕಾಲುವೆ ನಮ್ಮನೆ ಹೊಲ ಅಂತ ತಿಳ್ಕೊಳ್ಳಿ" ಎಂದಳು ಪಟೇಲರಿಗೆ. "ನನ್ನ ಹೊಲಕ್ಕೆ ಮುಯ್ಯಾಳು ಕರೀತಿದ್ದೀನಿ. ಊಟ ನಾನು ಹಾಕ್ತೀನಿ. ನನ್ನ ಮಗು ಉಳೀಬೇಕು, ಬನ್ನಿ."

ಬದುವಿನ ಮೇಲಿದ್ದವರೆಲ್ಲ ಎದ್ದು ನಿಂತರು. ಪಟೇಲರು ಹೆಗಲ ಮೇಲಿನ ವಲ್ಲಿ ತೆಗೆದು ಕಂಕುಳಿಗೆ ಇಟ್ಟುಕೊಂಡು, "ಸರಿ ಕಣವ್ವ. ಮುಯ್ಯಿ ತೀರ್ಸೋರ್ಯಾರು?" ಎಂದು ಕೇಳಿದರು.

"ನಮ್ಮನೆಯವರು" ಎಂದಳು. ನನ್ನನ್ನು ಒಂದು ಮಾತು ಕೇಳಬೇಡವೆ?

ಎಲ್ಲರೂ ನನ್ನ ಕಡೆ ತಿರುಗಿದರು. ಮೊದಲು ನನ್ನ ಪಂಚೆ ನೋಡಿದರು, ಆಮೇಲೆ ಅದರ ಕೆಳಗಿನ ಕಾಲು ನೋಡಿದರು. "ಮೇಷ್ಟ್ರು ಗದ್ದೆಗೆ ಇಳೀತರಾ?" ಎಂದ ಒಬ್ಬ.

"ಇಳೀತಾರೆ" ಎಂದಳು ಕಮಲ. ಹೆಗಲ ಮೇಲೆ ಮಗುವಿನ ಬಿಸಿಯುಸಿರು ತಾಗುತ್ತಿತ್ತು. ನಾನೂ ತಲೆಯಾಡಿಸಿದೆ.

ಆರು ತಿಂಗಳು ನನ್ನ ಬಾಯಿ ನೋಯಿಸಿದ ವಿಷಯ ಅರ್ಧ ಗಳಿಗೆಯಲ್ಲಿ ಇತ್ಯರ್ಥವಾಗಿ ಹೋಯಿತು. ಪೀಟರ್ ಕಾಲುವೆಯಿಂದ ಎದ್ದು ಬಂದು ಏನಾಯಿತೆಂದು ಕೇಳಿದ. ಹಲ್ಲು ಕಚ್ಚಿಕೊಂಡು ವಿವರಿಸಿದೆ. ಅವನಿಗೆ ಮತ್ತೆ ಖುಷಿ. "ನಾನೂವೆ ಮೇಷ್ಟ್ರ ಜೊತೆ ಮುಯ್ಯಿ ತೀರ್ಸ್ತೀನಿ" ಎಂದ.

"ನೀ ಸುಮ್ಕಿರ್ಲಾ ಪೀಟ್ರಪ್ಪ. ನೀನೂ ಇವಾಗ ಅವ್ವಾರ ಒಲಕ್ಕೆ ಬಂದ ಮುಯ್ಯಾಳೇ. ನಿನ್ ಮುಯ್ಯಿನೂವೆ ಮೇಷ್ಟ್ರೇ ತೀರ್ಸಬೇಕು" ಎಂದರು ಪಟೇಲರು.

ಮಾರನೆಯ ದಿನದಿಂದ ಊರಿಗೆ ಊರೇ ಇಳಿಯಿತು. ಕಮಲ ಅನ್ನ, ಕುಂಬಳಕಾಯಿ ಹುಳಿ ಮಾಡಿದಳು. ಅಂತೂ ಆ ಕಾಯಿಗಳಿಗೆ ಒಂದು ಗತಿ ಕಾಣಿಸಿದೆವೆಂದು ನಾನು ನಿಟ್ಟುಸಿರುಬಿಟ್ಟರೆ, ಜನ ಅನ್ನ ನೋಡಿ ಮುಖ ಸಿಂಡರಿಸಿದರು. "ಅನ್ನ ಉಂಡ್ಕಂಡು ಗುದ್ಲಿ ಎತ್ತಾದು ಎಂಗವ್ವಾ? ಇಟ್ಟಿಲ್ವಾ?" ಕಮಲನಿಗೆ ಅಷ್ಟು ಜನಕ್ಕೆ ಮುದ್ದೆ ತೊಳಸಿ ಅಭ್ಯಾಸವಿಲ್ಲ. ಕೊನೆಗೆ ಪಟೇಲರ ಹೆಂಡತಿ ನಿಂಗಮ್ಮ ನಮ್ಮ ಹಿತ್ತಿಲಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡಿದರು. "ನೀವು ಸಾರು ನೋಡ್ಕಳಿ ಅವ್ವಾರೇ, ಇಟ್ಟು ನಂಗೆ ಬುಡಿ" ಎಂದು ಸೆರಗು ಸಿಕ್ಕಿಸಿ, ಒನಕೆಯಂಥ ಕೋಲು ಹಿಡಿದು ತಿರುವಿದರು. ನಾನೂ ಗುದ್ದಲಿ ಹಿಡಿದೆ. ಎರಡೇ ದಿನಕ್ಕೆ ಅಂಗೈ ಬೊಬ್ಬೆ ಎದ್ದು, ಶಾಲೆಯಲ್ಲಿ ಸೀಮೆಸುಣ್ಣ ಹಿಡಿಯಲು ಬರುತ್ತಿರಲಿಲ್ಲ. ಹುಡುಗರಿಗೆ ಮಾತ್ರ ಅದರಿಂದ ಬಹಳ ಸಂತೋಷವಾಯಿತು.

ಮಳೆ ಹಿಡಿಯುವ ಮುಂಚೆ ಕಾಲುವೆ ಹಳ್ಳ ಮುಟ್ಟಿತು. ಕೊನೆಯ ಒಡ್ಡು ಒಡೆದಾಗ, ಹಸಿರು ಪಾಚಿಗಟ್ಟಿದ ನೀರು ಗಬ್ಬು ನಾರುತ್ತಾ ಗುಳುಗುಳು ಹರಿದುಹೋಯಿತು. ಕಮಲ ಮಗುವನ್ನೆತ್ತಿಕೊಂಡು ಬಾಗಿಲಲ್ಲಿ ನಿಂತು ಅಳುತ್ತಿದ್ದಳು.

ಅವಳದು ಅಲ್ಲಿಗೆ ಮುಗಿಯಿತು. ನನ್ನದು ಶುರುವಾಯಿತು. ನಾಟಿಯ ಕಾಲದಲ್ಲಿ ಬೆಳಿಗ್ಗೆ ಶಾಲೆಗೆ ಮುಂಚೆ, ಸಂಜೆ ಶಾಲೆ ಬಿಟ್ಟ ಮೇಲೆ, ಭಾನುವಾರ ಇಡೀ ದಿನ ನಾನು ಊರಿನವರ ಮುಯ್ಯಿ ತೀರಿಸಿದೆ. ಪೈರು ಕಿತ್ತೆ, ಕಟ್ಟು ಹೊತ್ತೆ, ಮೊಳಕಾಲುದ್ದ ಕೆಸರಿನಲ್ಲಿ ಬಿದ್ದೆ. ನಾಟಿ ಹಾಕುವ ಹೆಂಗಸರು ನನ್ನ ಮೇಲೆಯೇ ಪದ ಕಟ್ಟಿ ಹಾಡಿದರು. ನಾನು ಕಲಿಸಿದ ಹುಡುಗರೇ ಬದುವಿನ ಮೇಲೆ ನಿಂತು, "ಮೇಷ್ಟ್ರೇ, ಬಗ್ಗಿ ಕೀಳಿ, ಬುಡ ಮುರೀತದೆ" ಎಂದು ಬುದ್ಧಿ ಹೇಳಿದರು. ಯಾರಾದರೂ ಒಬ್ಬರು "ಓಗ್ಲಿ ಬುಡಿ ಮೇಷ್ಟ್ರೇ" ಎಂದು ಬಿಟ್ಟುಕೊಟ್ಟರೇ? ಇಲ್ಲ. ಒಬ್ಬರೂ ಇಲ್ಲ.

ಆ ಮಳೆಗಾಲ ಪದ್ಮನಿಗೆ ಒಂದು ಸಲ ಸಣ್ಣಗೆ ಚಳಿ ಬಂತು. ಆಮೇಲೆ ಬರಲಿಲ್ಲ. ಗಡ್ಡೆ ನಿಧಾನವಾಗಿ ಕರಗಿತು. ದೀಪಾವಳಿಯ ಹೊತ್ತಿಗೆ ಪೀಟರನ ಹೆಗಲ ಮೇಲೆ ಕುಳಿತು ಊರೆಲ್ಲ ಸುತ್ತುತ್ತಿದ್ದಳು.

ಮೂವತ್ತೆಂಟರ ಕೊನೆಯಲ್ಲಿ ಅವನ ಅವಧಿ ಮುಗಿಯಿತು. ಹನಕೆರೆ ಸ್ಟೇಷನ್ನಿಗೆ ಅರ್ಧ ಊರು ಬಂದಿತ್ತು. ರೈಲು ಕಾಣಿಸುತ್ತಿದ್ದಂತೆ ಪಟೇಲರು ಎಲ್ಲರೆದುರಿಗೆ, "ಮೇಷ್ಟ್ರೇ, ನಮ್ದೆಲ್ಲ ತೀರ್ತು. ಇವನೊಬ್ಬನ್ದು ಉಳ್ಕಂತು" ಎಂದರು. ಯಾರೂ ನಗಲಿಲ್ಲ. ನಾನು ಪೀಟರನನ್ನು ಕೇಳಿದೆ: "ನಿಮ್ಮ ಹೊಲ ಎಲ್ಲಿದೆ, ಯಾವಾಗ ಉಳುತ್ತೀರಿ, ಅದಾದರೂ ಹೇಳು."

ಅವನು ಕಣ್ಣೊರೆಸಿಕೊಂಡು, ಗದ್ದೆಯಲ್ಲಿ ಕಲಿತ ಅದೇ ಕನ್ನಡದಲ್ಲಿ, "ಓಗ್ಲಿ ಬುಡಿ ಮೇಷ್ಟ್ರೇ" ಎಂದ. ಊರಿನಲ್ಲಿ ಒಬ್ಬರ ಬಾಯಲ್ಲೂ ಬಾರದ ಮಾತನ್ನು, ಯಾರು ಹೇಳಬಾರದಿತ್ತೋ ಅವನು ಹೇಳಿದ. ನನಗೆ ಎಷ್ಟು ರೇಗಿತೆಂದರೆ ಅವನ ಕೈ ಕುಲುಕುವುದನ್ನೂ ಮರೆತೆ. ರೈಲು ಹೊರಟಿತು.

ಒಂದೆರಡು ಕಾಗದ ಬಂದವು. ಆಮೇಲೆ ಯುದ್ಧ ಶುರುವಾಗಿ ಅವೂ ನಿಂತವು. ನನಗೆ ಮದ್ದೂರಿಗೆ ವರ್ಗವಾಯಿತು. ಬೋರೇಗೌಡರು ಇರುವ ತನಕ, ಸಂತೆಗೆ ಬಂದಾಗಲೆಲ್ಲ ಶಾಲೆಯ ಮುಂದೆ ಗಾಡಿ ನಿಲ್ಲಿಸಿ, "ಪೀಟ್ರಪ್ಪನ್ ಸುದ್ದಿ ಬಂತಾ ಮೇಷ್ಟ್ರೇ? ಅವನ್ ಒಲ ಯಾರ್ ಉಳ್ತವ್ರೋ" ಎನ್ನುತ್ತಿದ್ದರು. ಅವನು ಯುದ್ಧದಲ್ಲಿ ಉಳಿದನೋ ಇಲ್ಲವೋ, ಅದೇ ತಿಳಿಯಲಿಲ್ಲ.

ನನ್ನ ಮಗಳು ಈಗ ಸೊಸೆ ತಂದ ಅತ್ತೆ. ಅವಳು ಮನೆತುಂಬ ಓಡಾಡುತ್ತಾ ಎಲ್ಲರ ಮೇಲೆ ರೇಗುವುದನ್ನು ನೋಡುವಾಗ ನನಗೆ ಆ ಪೀಟರನ ಮೇಲೆ ಸಿಟ್ಟು ಬರುತ್ತದೆ. ಇವತ್ತಿಗೂ ಬರುತ್ತದೆ. ಒಂದು ಗುದ್ದಲಿ ಮಣ್ಣಿಗಾಗಿ ಊರಿನವರೆಲ್ಲ ತಮ್ಮ ಕೆಸರನ್ನು ನನ್ನಿಂದ ತುಳಿಸಿದರು, ತುಳಿದೆ. ನನ್ನ ಮಗುವಿಗಾಗಿ ಎಲ್ಲರಿಗಿಂತ ಹೆಚ್ಚು ಮಣ್ಣು ಹೊತ್ತವನು ಒಂದು ದಿನ ಅವನ ತಾಯಿಯ ಹೊಲಕ್ಕೆ ನನ್ನನ್ನು ಕರೆಯಬಾರದಿತ್ತೇ? ಹಡಗಾದರೇನು, ತಿಂಗಳಾದರೇನು, ನಾನು ಹೋಗುತ್ತಿದ್ದೆ.