ದುಶ್ಶಾಸನನ ಎದುರು ಶಾಂತಕುಮಾರಿ

ವಸ್ತಾರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಶಾಂತಕುಮಾರಿ ಹೆಣ್ಣಾಳುಗಳ ಮೇಸ್ತ್ರಿ. ಅವಳು ಒಂದು ಕೂಗು ಹಾಕಿದರೆ ಗುಡ್ಡದಾಚೆ ಹರಟುತ್ತಿದ್ದವರೂ ಬಾಯಿ ಮುಚ್ಚಿ ಹಣ್ಣು ಕೀಳುತ್ತಿದ್ದರು. ಅಂಥವಳು ಮನೆಗೆ ಬಂದರೆ ಬೇರೆಯೇ ಹೆಂಗಸು. ಗಂಡನ ಅಣ್ಣ ಸುರೇಂದ್ರ ಜಗುಲಿಗೆ ಕಾಲಿಟ್ಟರೆ ಸಾಕು, ಸೆರಗು ಹೊದೆದು ಬಾಗಿಲ ಮರೆಗೆ ಸರಿಯಬೇಕು. ಭಾವನ ಎದುರು ನಿಂತು ಮಾತಾಡಬಾರದು. ಕಾನೂನು ಮಾಡಿದವರು ಯಾರೋ, ಪಾಲಿಸಬೇಕಾದವಳು ಇವಳು.

ಊರ ರಾಜ್ಯೋತ್ಸವದ ನಾಟಕಕ್ಕೂ ಇಂಥದೇ ಕಾನೂನು. ದ್ರೌಪದಿಯ ಪಾತ್ರಕ್ಕೆ ಮೊದಲೆಲ್ಲ ಮೀಸೆ ಬೋಳಿಸಿದ ಗಂಡಸು, ಆಮೇಲೆ ಹೊರಗಿನಿಂದ ಕರೆಸಿದ ನಟಿ. ಊರ ಹೆಂಗಸರು ನೋಡಿ ಕಣ್ಣೀರು ಹಾಕುವುದಕ್ಕಷ್ಟೇ. ಕುದುರೆಮುಖದ ಶಾಲೆಯಲ್ಲಿ ಓದುವಾಗಲೇ ನಾಟಕದ ಹುಚ್ಚು ಹತ್ತಿಸಿಕೊಂಡಿದ್ದ ಶಾಂತಕುಮಾರಿ ಈ ವರ್ಷ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ಗುರುವಯ್ಯನವರ ಬಳಿ ಹೋಗಿ ಆ ಪಾತ್ರ ಕೇಳಿಯೇಬಿಟ್ಟಳು. ಗಂಡ ಗಿರಿ ಬೇಡ ಅನ್ನಲಿಲ್ಲ. ಹೂಂ ಅನ್ನುವ ಧೈರ್ಯವೂ ಅವನಿಗಿರಲಿಲ್ಲ.

"ಆಯ್ತಮ್ಮ, ಈ ಸಲ ನೋಡುವ," ಎಂದರು ಮೇಷ್ಟ್ರು. "ನೀನು ಎಡವಿದ್ರೆ ಮತ್ತೆ ಊರ ಹೆಣ್ಮಕ್ಕಳ ಹೆಸರು ಯಾರೂ ಎತ್ತಲ್ಲ, ನೆನಪಿರ್ಲಿ."

ದುಶ್ಶಾಸನ ಮಾತ್ರ ಹಿಂದಿನಿಂದಲೂ ಸುರೇಂದ್ರನೇ. ತಾಲೀಮಿನಲ್ಲಿ ಅವನು ತಮ್ಮನ ಹೆಂಡತಿಯ ಕೂದಲು ಮುಟ್ಟಲಿಲ್ಲ. ಅದರ ಬದಲು ಅವಳು ಟವೆಲಿನ ಒಂದು ತುದಿ ಹಿಡಿದಳು, ಅವನು ಇನ್ನೊಂದು ತುದಿ ಎಳೆದ. ಸ್ಟೇಜ್ ಮೇಲೆ ಸರಿಹೋಗುತ್ತದೆ ಎಂದು ಎಲ್ಲರೂ ಸುಮ್ಮನಾದರು.

ನಾಟಕದ ಸಂಜೆ ಶಾಲೆಯ ಮೈದಾನ ತುಂಬಿತ್ತು. ಶಾಂತಕುಮಾರಿಯ ಮೊದಲ ಹಾಡಿಗೇ ಚಪ್ಪಾಳೆ ಬಿತ್ತು. ಆಗ ದುಶ್ಶಾಸನ ಅಬ್ಬರಿಸುತ್ತ ಅಂತಃಪುರಕ್ಕೆ ನುಗ್ಗಿದ. ಅಷ್ಟೇ! ಅವಳ ಕೈ ತಾನಾಗಿ ಸೆರಗನ್ನು ತಲೆಗೆ ಎಳೆದುಕೊಂಡಿತು. ಕಾಲು ಪರದೆಯ ಮರೆಗೆ ಸರಿಯಿತು.

ಮೈದಾನ ಗೊಳ್ಳೆಂದು ನಕ್ಕಿತು. "ಭಾವ ಬಂದ್ರು, ಕಾಫಿ ಇಡಮ್ಮಾ!" ಎಂದು ಯಾರೋ ಕೂಗಿದರು.

ನೆಲ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. ಗುರುವಯ್ಯನವರು ಒಂದೇ ಸ್ವರ ಹಿಡಿದು ಕಾಯುತ್ತಿದ್ದರು. ಎದುರಿಗೆ ಸುರೇಂದ್ರನ ಚಾಚಿದ ಕೈ ಅವಳ ಕೂದಲಿಗೆ ತಲುಪದೆ ಗಾಳಿಯಲ್ಲೇ ನಿಂತಿತ್ತು. ಅಂಟಿಸಿದ ಮೀಸೆಯ ಕೆಳಗೆ ತುಟಿ ಒಣಗಿತ್ತು. ಈ ಮನುಷ್ಯನೂ ತನ್ನಷ್ಟೇ ಹೆದರಿದ್ದಾನೆ! ಅದನ್ನು ಕಂಡದ್ದೇ ಅವಳಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಇವನಿಗಾಗಿ ಬಾಗಿಲ ಮರೆಯಲ್ಲಿ ನಿಂತೆನೇ?

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಮುಂದೆ ಬಂದು ತುರುಬು ಬಿಚ್ಚಿ, ಕೂದಲನ್ನು ಭಾವನ ಮುಷ್ಟಿಗೆ ತಾನೇ ತುರುಕಿದಳು.

"ಹಿಡಿ, ದುಶ್ಶಾಸನ! ಎಳೆದುಕೊಂಡು ಹೋಗು ಸಭೆಗೆ. ನಿಮ್ಮ ಹಿರಿಯರ ಮುಖ ನಾನೂ ನೋಡಬೇಕು!"

ನಾಟಕದಲ್ಲಿಲ್ಲದ ಮಾತು, ತೋಟದಲ್ಲಿ ಕೂಗುವ ಅದೇ ಗಂಟಲು. ನಗುತ್ತಿದ್ದವರ ಬಾಯಿ ಕಟ್ಟಿತು. ಸುರೇಂದ್ರ ಎಳೆದ.

ಮರುದಿನ ಬೆಳಿಗ್ಗೆ ಶಾಂತಕುಮಾರಿ ಜಗುಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಾಗ ಸುರೇಂದ್ರ ಮೆಟ್ಟಿಲು ಹತ್ತಿ ಬಂದ. ಅವಳ ಕೈ ಸೆರಗಿನವರೆಗೆ ಹೋಗಿ ಮೊರಕ್ಕೆ ಮರಳಿತು. ಅವಳು ಏಳಲಿಲ್ಲ.

ಅವನು ಆಚೆಯ ಕಂಬಕ್ಕೆ ಒರಗಿ ಕೂತ.

"ಮೇಷ್ಟ್ರಿಗೆ ಹೇಳಿ ಬಂದೆ," ಎಂದ. "ಮುಂದಿನ ವರ್ಷ ನಂಗೆ ಭೀಮನ ಪಾರ್ಟು ಬೇಕು ಅಂತ."

ಅವಳು ಮೊರದಿಂದ ತಲೆಯೆತ್ತಿ ಅವನ ಮುಖವನ್ನೇ ನೋಡಿದಳು. "ದ್ರೌಪದಿ ಯಾರಂತೆ, ಭಾವ?"

"ನೀನಿದೀಯಲ್ಲ ಮಾರಾಯ್ತಿ, ಇನ್ಯಾರು?"