ಬಾಗಿಲು ಹುಡುಕುವ ಕಾಲುಗಳು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದಂಡೆಯ ಉದ್ದಕ್ಕೂ ಬಾಡಿಗೆ ಕುರ್ಚಿಗಳು ಒಂದರ ಮೇಲೊಂದು ಕೂತು ನಿದ್ದೆ ಮಾಡುತ್ತಿವೆ. ಲಾಡ್ಜುಗಳ ಬಾಲ್ಕನಿಗಳಲ್ಲಿ ನಿನ್ನೆ ಒಣಹಾಕಿದ ಟವೆಲುಗಳು ಹಾಗೇ ತೂಗುತ್ತಿವೆ. ಉಟ್ಟಿದ್ದನ್ನು ಮೊಣಕಾಲಿನ ಮೇಲಕ್ಕೆತ್ತಿ ಬಿಗಿದುಕೊಂಡು, ಕೈಯಲ್ಲೊಂದು ಬಿದಿರು ಕೋಲು ಹಿಡಿದು, ಬಾವುಟದಮ್ಮ ನೀರಿಗೆ ಇಳಿಯುತ್ತಾರೆ. ಮುಂದಕ್ಕೆ ಹೋಗುವುದಿಲ್ಲ. ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಾರೆ. ಕಣ್ಣು ಎಲ್ಲೋ ಇದೆ. ನೋಡುವ ಕೆಲಸವನ್ನೆಲ್ಲ ಕಾಲು ಮಾಡುತ್ತಿದೆ.

ಮರಳು ಗಟ್ಟಿಯಾಗಿ, ಸಣ್ಣ ಸಣ್ಣ ಗೆರೆಗಳಾಗಿ ಸಿಕ್ಕರೆ ಹೆಜ್ಜೆ ನಿಲ್ಲುವುದಿಲ್ಲ. ಹಿಮ್ಮಡಿ ಪುಸಕ್ಕನೆ ಇಳಿದು, ಒಡೆದ ಚಿಪ್ಪಿನ ಚೂರುಗಳು ಬೆರಳ ಸಂದಿಗೆ ಬಂದರೆ ನಿಂತುಬಿಡುತ್ತಾರೆ. ಬಂದ ಅಲೆ ಹಿಂದಿರುಗುವವರೆಗೆ ಕಾಯುತ್ತಾರೆ. ಮೀನಖಂಡವನ್ನು ಯಾರೋ ಹಿಡಿದು ಜಗ್ಗಿದ ಹಾಗಾಗುತ್ತದೆ.

"ಓಹೋ, ಇವತ್ತು ಇಲ್ಲಿ ಬಂದು ಕೂತಿದ್ದೀಯಾ?" ಎಂದು ನೀರನ್ನೇ ಕೇಳುತ್ತಾರೆ. ದಡಕ್ಕೆ ಬಂದು ಅದೇ ನೇರಕ್ಕೆ ಕೆಂಪು ಬಾವುಟ ನೆಡುತ್ತಾರೆ.

ಅವರು ಹುಡುಕುವುದು ಬಾಗಿಲನ್ನು. ಚಿಪ್ಪು ಹೆಕ್ಕುವ ಹೆಂಗಸರ ಮಾತು ಅದು. ದಡಕ್ಕೆ ನುಗ್ಗಿದ ನೀರೆಲ್ಲ ವಾಪಸು ಹೋಗಬೇಕಲ್ಲ? ಮರಳ ದಿಬ್ಬದಲ್ಲಿ ಎಲ್ಲಿ ಸಂದು ಸಿಗುತ್ತದೋ ಅಲ್ಲಿಂದ ಒಟ್ಟಾಗಿ ಹೊರಗೆ ಓಡುತ್ತದೆ. ಆ ಸಂದೇ ಬಾಗಿಲು. ಅಲ್ಲಿ ಅಲೆ ಒಡೆಯುವುದಿಲ್ಲ. ಅಕ್ಕಪಕ್ಕ ನೊರೆ ಎದ್ದು ಕುಣಿಯುತ್ತಿದ್ದರೆ ಅದೊಂದು ಜಾಗ ಮಾತ್ರ ತಣ್ಣಗೆ, ಸಾಧುವಿನ ಹಾಗೆ ಇರುತ್ತದೆ. ಊರಿಗೆ ಹೊಸದಾಗಿ ಬಂದವರು ಮಕ್ಕಳ ಕೈ ಹಿಡಿದು ಅಲ್ಲಿಗೇ ಹೋಗುತ್ತಾರೆ.

ದಂಡೆಯಲ್ಲಿ ಟೋಪಿ ಮಾರುವ ಅವರ ನಾದಿನಿ ಇದನ್ನೇ ಹಿಡಿದು ಕಾಡುತ್ತಾರೆ. "ನಮ್ಮ ಅತ್ತಿಗೆಗೆ ಮನೆ ಬಾಗಿಲು ಹಾಕೋದು ನೆನಪಿರಲ್ಲ. ಸಮುದ್ರದ ಬಾಗಿಲು ಮಾತ್ರ ದಿನಾ ಹಾಕ್ತಾರೆ."

"ಮನೇಲಿ ಕದಿಯೋಕೆ ಏನಿದೆ? ನಿನ್ನ ಮಾರದ ಟೋಪಿಗಳು!" ಎಂದು ಅತ್ತಿಗೆ ಅಲ್ಲಿಂದಲೇ ಕೂಗುತ್ತಾರೆ.

ಈ ದಂಡೆಯಲ್ಲಿ ಒಂದೇ ಲಾಡ್ಜು, ಅದರಲ್ಲಿ ಎಂಟೇ ಕೋಣೆ ಇದ್ದ ಕಾಲದಲ್ಲಿ ಬಾವುಟದಮ್ಮ ತಾಯಿಯ ಹಿಂದೆ ಬುಟ್ಟಿ ಹೊತ್ತು ಚಿಪ್ಪು ಹೆಕ್ಕುತ್ತಿದ್ದವರು. ಬಾಗಿಲಿನ ಎರಡೂ ಅಂಚಿಗೆ ಚಿಪ್ಪು ರಾಶಿ ಬೀಳುತ್ತದೆ. ಅಂಚು ಗೊತ್ತಿದ್ದವಳ ಬುಟ್ಟಿ ತುಂಬುತ್ತದೆ, ಗೊತ್ತಿಲ್ಲದವಳು ಬುಟ್ಟಿಯ ಸಮೇತ ಹೋಗುತ್ತಾಳೆ. ಆಮೇಲೆ ಲಾಡ್ಜುಗಳು ಏಳುತ್ತಾ ಹೋದವು, ಚಿಪ್ಪು ಕಡಿಮೆಯಾಯಿತು. ಅವರು ಪುರಸಭೆಯ ಕೆಲಸಕ್ಕೆ ಸೇರಿ ಪೊರಕೆ ಹಿಡಿದರು. ಇಷ್ಟಕ್ಕೂ ಅವರಿಗೆ ಈಜು ಬರುವುದಿಲ್ಲ. "ಈಜು ಬರೋರು ಧೈರ್ಯ ಮಾಡ್ತಾರೆ. ನನಗೆ ಬರಲ್ಲ, ಅದಕ್ಕೇ ಹುಷಾರಾಗಿ ನೋಡ್ತೀನಿ," ಎನ್ನುತ್ತಾರೆ.

ಪೊರಕೆಯಿಂದ ಬಾವುಟಕ್ಕೆ ಬಂದ ಕಥೆಯನ್ನು ಅವರು ಸುಲಭವಾಗಿ ಹೇಳುವುದಿಲ್ಲ. ಹದಿನೇಳು ಬೇಸಿಗೆಗಳ ಹಿಂದಿನ ಮಾತು. ಕಸ ಗುಡಿಸುತ್ತಿದ್ದವರು ಆ ಶಾಂತ ನೀರಿನ ಕಡೆ ಜನ ಹೋಗುವುದನ್ನು ಕಂಡು ಗಾಬರಿಯಾಗಿ, "ಬಾಗಿಲು ಇಲ್ಲಿದೆ! ಬಾಗಿಲು ಇಲ್ಲಿದೆ!" ಎಂದು ಕೈ ಬೀಸಿ ಕೂಗಿದರು. ಚಿಪ್ಪು ಹೆಕ್ಕುವವರಾಗಿದ್ದರೆ ಆ ಕೂಗಿಗೆ ದಡಕ್ಕೆ ಓಡಿ ಬರುತ್ತಿದ್ದರು. ಪ್ರವಾಸಿಗರಿಗೆ ಬಾಗಿಲು ಎಂದರೆ ಒಳಗೆ ಹೋಗುವ ದಾರಿ. ದೂರದಲ್ಲಿದ್ದ ಒಬ್ಬ ತಂದೆ, "ಅಲ್ಲಿಂದ ಇಳೀಬೇಕಂತೆ," ಎಂದು ಮಗಳನ್ನು ಎತ್ತಿಕೊಂಡು ನೇರವಾಗಿ ಅಲ್ಲಿಗೇ ಬಂದು ಇಳಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಇಬ್ಬರೂ ಅಲೆಗಳ ಆಚೆ. ಪುಣ್ಯಕ್ಕೆ ದೋಣಿಯೊಂದು ಹತ್ತಿರದಲ್ಲಿತ್ತು, ಇಬ್ಬರೂ ಬದುಕಿದರು.

"ಆ ಯಜಮಾನರು ಆಮೇಲೆ ನನ್ನ ಹತ್ರ ಬಂದು, ನೀವೇ ಕರೆದ್ರಲ್ಲಮ್ಮ ಅಂದ್ರು. ಬೈದಿದ್ರೆ ತಡ್ಕೋತಿದ್ದೆ. ಬೈಯ್ಲಿಲ್ಲ." ಮಾರನೆಯ ಬೆಳಿಗ್ಗೆ ಯಾರೂ ಹೇಳದೆ, ಯಾರನ್ನೂ ಕೇಳದೆ, ಹಳೆಯ ಕೆಂಪು ಚಾದರ ಹರಿದು ಕೋಲಿಗೆ ಕಟ್ಟಿದರು. ಅಂದಿನಿಂದ ಬಾಯಿಯ ಕೆಲಸವನ್ನು ಬಟ್ಟೆಗೆ ಒಪ್ಪಿಸಿದ್ದಾರೆ.

ಬೇಸಿಗೆಯ ಮೂರು ತಿಂಗಳು ದಿನಕ್ಕೆ ನಾಲ್ಕು ಸುತ್ತು. ಬೆಳಿಗ್ಗೆ ಐದಕ್ಕೆ, ಒಂಬತ್ತಕ್ಕೆ, ಮಧ್ಯಾಹ್ನ, ಮತ್ತೆ ನಾಲ್ಕಕ್ಕೆ. ಈ ತುದಿಯಿಂದ ಆ ತುದಿಗೆ ಸಾವಿರದ ನೂರು ಹೆಜ್ಜೆ. ರಜೆಯ ದಿನ ದಂಡೆಯಲ್ಲಿ ಎಂಟು ಹತ್ತು ಸಾವಿರ ಜನ. ಎಡ ಮೊಣಕಾಲು ಊದಿಕೊಳ್ಳುತ್ತದೆ. ಬಾಟಲಿ ಚೂರು ಹೊಕ್ಕು ಅಂಗಾಲಿನಲ್ಲಿ ಮೂರು ಗಾಯದ ಗುರುತುಗಳಿವೆ. ಪುರಸಭೆಯವರು ರಬ್ಬರ್ ಬೂಟು ಕೊಟ್ಟಿದ್ದರು. ಅವು ಈಗ ನಾದಿನಿಯ ಅಂಗಡಿಯಲ್ಲಿ ಛತ್ರಿ ನಿಲ್ಲಿಸಿಕೊಂಡಿವೆ. "ಬೂಟು ಹಾಕ್ಕೊಂಡ್ರೆ ಕಾಲು ಕಿವುಡಾಗುತ್ತೆ," ಎನ್ನುತ್ತಾರೆ ಬಾವುಟದಮ್ಮ.

ಈ ಬೇಸಿಗೆಗೆ ಹೊಸದೊಂದು ತಕರಾರು ಬಂದಿದೆ. ಪುರಸಭೆ ದಂಡೆಯಲ್ಲಿ ಹತ್ತು ಕಬ್ಬಿಣದ ಕೊಳವೆಗಳನ್ನು ಸಿಮೆಂಟ್ ಹಾಕಿ ಕೂರಿಸಿದೆ. ಮೂರನೆಯದಕ್ಕೂ ಏಳನೆಯದಕ್ಕೂ ಕೆಂಪು, ಉಳಿದ ಎಂಟಕ್ಕೂ ಹಸಿರು ಬಾವುಟ ಎಂದು ಆರ್ಡರ್. ನೋಡಲು ಅಚ್ಚುಕಟ್ಟಾಗಿದೆ. ಆದರೆ ಮರಳು ಸರಿದಂತೆ ಬಾಗಿಲೂ ಸರಿಯುತ್ತದೆ. ಬಾವುಟದಮ್ಮ ದಿನಾ ಬೆಳಿಗ್ಗೆ ಕೊಳವೆಯಿಂದ ಬಾವುಟ ಕಿತ್ತು ಬೇರೆ ಕಡೆ ನೆಡುತ್ತಾರೆ, ಲಾಡ್ಜುಗಳಿಂದ ಆಗಾಗ ದೂರು ಹೋಗುತ್ತದೆ. ಕಳೆದ ಬುಧವಾರ ಸೂಪರ್‌ವೈಸರ್ ಕಡ್ಡಿ ಮುರಿದಂತೆ ಹೇಳಿ ಹೋದರು: ಇನ್ನೊಂದು ದೂರು ಬಂದರೆ ಕೆಲಸ ಬಿಡಿಸುವುದೇ.

ಶನಿವಾರ ಬಾಗಿಲು ತೆರೆದುಕೊಂಡಿರುವುದು ಐದು ಮತ್ತು ಆರನೆಯ ಕೊಳವೆಗಳ ನಡುವೆ, ಊರಿನ ಅತಿ ದೊಡ್ಡ ಲಾಡ್ಜಿನ ಮೆಟ್ಟಿಲಿಗೆ ನೇರ ಎದುರು. ಏಳು ಗಂಟೆಗೆ ಮ್ಯಾನೇಜರ್ ಇಳಿದು ಬರುತ್ತಾರೆ.

"ಅಮ್ಮಾ, ಇಷ್ಟುದ್ದ ದಂಡೆ ಇದೆ. ನಿಮಗೆ ನಮ್ಮ ಮೆಟ್ಟಿಲೇ ಬೇಕಾ?"

"ನನಗಲ್ಲ ಸಾರ್, ನೀರಿಗೆ ಬೇಕಂತೆ."

"ಎಪ್ಪತ್ತು ರೂಮೂ ಭರ್ತಿ. ಬಂದೋರು ಎದ್ದ ತಕ್ಷಣ ಕೆಂಪು ಬಾವುಟ ನೋಡಬೇಕಾ? ನೀರು ನೋಡಿ ಎಷ್ಟು ಶಾಂತವಾಗಿದೆ!"

"ಅದಕ್ಕೇ ಸಾರ್ ನನಗೆ ಭಯ. ಅರವತ್ತು ಹೆಜ್ಜೆ ಆ ಕಡೆ ಹೋಗಿ ಆಡೋಕೆ ಹೇಳಿ. ನಡೆದ್ರೆ ಯಾರ ಕಾಲೂ ಸವೆಯಲ್ಲ."

ಮ್ಯಾನೇಜರ್ ಫೋನ್ ತೆಗೆಯುತ್ತಾರೆ. ಎಂಟಕ್ಕೆ ಸೂಪರ್‌ವೈಸರ್ ಸ್ಕೂಟರಿನಲ್ಲಿ ಬರುತ್ತಾರೆ. ಅಷ್ಟರಲ್ಲಿ ಮೆಟ್ಟಿಲ ತುಂಬ ಮಕ್ಕಳು, ಚೆಂಡುಗಳು, ಗಾಳಿ ತುಂಬಿದ ಟ್ಯೂಬುಗಳು. ನಾದಿನಿ ಟೋಪಿ ಗಂಟು ಕೆಳಗಿಟ್ಟು ಅತ್ತಿಗೆಯ ಪಕ್ಕಕ್ಕೆ ಬಂದು ನಿಲ್ಲುತ್ತಾರೆ.

"ಬುಧವಾರವೇ ಹೇಳಿದ್ದೆ ಅಮ್ಮ," ಸೂಪರ್‌ವೈಸರ್ ದನಿ ಗಟ್ಟಿಯಾಗಿದೆ. "ಬಾವುಟ ಮೂರನೇ ಕೊಳವೆಗೆ ಹಾಕಿ. ಇಲ್ಲಾಂದ್ರೆ ಕೋಲು ನನ್ನ ಕೈಗೆ ಕೊಟ್ಟು ಮನೆಗೆ ಹೋಗಿ."

"ಕೊಡ್ತೀನಿ. ಮೊದಲು ಷೂ ಬಿಚ್ಚಿ."

"ಏನು?"

"ಷೂ ಬಿಚ್ಚಿ ಸಾರ್, ನೀರಿಗೆ ಬನ್ನಿ. ಕೋಲು ಹಿಡಿಯೋರಿಗೆ ಕಾಲೂ ಬೇಕಲ್ಲ."

ಅಷ್ಟು ಜನರೆದುರು ಇಲ್ಲ ಎನ್ನಲಾಗದೆ ಅವರು ಪ್ಯಾಂಟು ಮಡಚಿ ಇಳಿಯುತ್ತಾರೆ. ಮೊಣಕಾಲಷ್ಟು ನೀರಿನಲ್ಲಿ ಅಲೆಯೊಂದು ಬಂದು ಹಿಂದಿರುಗುತ್ತದೆ. ಅವರ ಕೈ ತಾನಾಗಿಯೇ ಬಾವುಟದಮ್ಮನ ತೋಳು ಹಿಡಿದುಕೊಳ್ಳುತ್ತದೆ.

"ಏನೋ ಎಳೀತಿದೆ..."

"ಸಮುದ್ರ ಅಂದ್ಮೇಲೆ ಎಳೆಯುತ್ತೆ," ದಡದಿಂದ ಮ್ಯಾನೇಜರ್ ಅನ್ನುತ್ತಾರೆ.

ಬಾವುಟದಮ್ಮ ಲಾಡ್ಜಿನ ಬುಟ್ಟಿಯಿಂದ ಎರಡು ಪ್ಲಾಸ್ಟಿಕ್ ಚೆಂಡು ಕೇಳಿ ತೆಗೆದುಕೊಳ್ಳುತ್ತಾರೆ. ಒಂದನ್ನು ಅರವತ್ತು ಹೆಜ್ಜೆ ಆಚೆ, ಅಲೆ ಒಡೆಯುವ ಕಡೆ ಹಾಕುತ್ತಾರೆ. ಅದು ಉರುಳಿಕೊಂಡು ದಡಕ್ಕೆ ಬಂದು ಕಾಲಿಗೆ ತಾಗುತ್ತದೆ. ವಾಪಸು ಬಂದು ಎರಡನೆಯದನ್ನು ಬಾಗಿಲಿನಲ್ಲಿ, ಶಾಂತ ನೀರಿನ ಮೇಲೆ ಮೆಲ್ಲಗೆ ಇಡುತ್ತಾರೆ. ಚೆಂಡು ಒಂದು ಗಳಿಗೆ ಯೋಚಿಸಿದಂತೆ ನಿಂತು, ಹೊರಡುತ್ತದೆ. ಗಾಳಿ ದಡದ ಕಡೆ ಬೀಸುತ್ತಿದೆ, ಚೆಂಡು ಗಾಳಿಗೆ ಎದುರಾಗಿ ಹೋಗುತ್ತಿದೆ. ಮಕ್ಕಳು ಮೊದಲು ನಗುತ್ತಾರೆ. ಅದು ನೊರೆಯ ಸಾಲು ದಾಟಿ ನಿಂಬೆಹಣ್ಣಿನಷ್ಟಾಗಿ, ಸಾಸಿವೆಯಷ್ಟಾಗಿ, ಕಾಣದೇ ಹೋದಾಗ ಯಾರೂ ನಗುವುದಿಲ್ಲ.

"ಏಯ್, ಮಕ್ಕಳನ್ನೆಲ್ಲ ಆ ಕಡೆ ಕರ್ಕೊಂಡು ಹೋಗ್ರಪ್ಪಾ!" ಮ್ಯಾನೇಜರ್ ತಮ್ಮ ಕೆಲಸದವರಿಗೆ ಕೂಗುತ್ತಾರೆ.

ಸೂಪರ್‌ವೈಸರ್ ಒದ್ದೆ ಪ್ಯಾಂಟಿನಲ್ಲೇ ರಿಜಿಸ್ಟರ್ ತೆರೆಯುತ್ತಾರೆ. "ಸರಿ ಅಮ್ಮ, ಬಾವುಟ ಇಲ್ಲೇ ಇರಲಿ. ಬಾಗಿಲು ಎಲ್ಲೆಲ್ಲಿ ಬರುತ್ತೆ ಅಂತ ಒಂದ್ಸಲ ಬರೆಸಿಬಿಡಿ. ಅಲ್ಲಿಗೇ ಕೊಳವೆ ಹಾಕಿಸ್ತೀನಿ."

"ನಾಳೆ ಬೆಳಿಗ್ಗೆ ಐದಕ್ಕೆ ಬನ್ನಿ, ಹೇಳ್ತೀನಿ."

"ನಾಡಿದ್ದಿನದು?"

"ನಾಡಿದ್ದು ಬನ್ನಿ."

ಅವರು ಪೆನ್ನಿನ ಮುಚ್ಚಳ ಹಾಕುತ್ತಾರೆ.

ಭಾನುವಾರ ಐದಕ್ಕೆ ಸೂಪರ್‌ವೈಸರ್ ನಿಜಕ್ಕೂ ಬಂದಿದ್ದಾರೆ, ಬರಿಗಾಲಲ್ಲಿ. ಆರ್ಡರ್ ಬದಲಾಯಿಸಲು ಬರೆದು ಹಾಕಿದ್ದಾರಂತೆ. ಉತ್ತರ ಬರುವವರೆಗೆ ಬಾವುಟ ಎಲ್ಲಿರಬೇಕೆಂದು ಬಾವುಟದಮ್ಮನೇ ಹೇಳಬೇಕು, ಜವಾಬ್ದಾರಿ ತಮ್ಮದು ಎಂದಿದ್ದಾರೆ. ಇಬ್ಬರೂ ಅಡ್ಡಡ್ಡ ನಡೆಯುತ್ತಾರೆ. ಒಂದೆಡೆ ನಿಂತು ಸೂಪರ್‌ವೈಸರ್, "ಇಲ್ಲೇನಾ?" ಎನ್ನುತ್ತಾರೆ.

"ನನ್ನ ಮುಖ ನೋಡಬೇಡಿ. ಕಾಲನ್ನ ಕೇಳಿ."

ಅವರು ಬಹಳ ಹೊತ್ತು ನಿಂತು, ಕೊನೆಗೆ ದಡಕ್ಕೆ ಬಂದು ಬಾವುಟ ನೆಡುತ್ತಾರೆ. ಬಾವುಟದಮ್ಮ ಅದನ್ನು ಕಿತ್ತು ಹನ್ನೆರಡು ಹೆಜ್ಜೆ ಆಚೆಗೆ ನೆಡುತ್ತಾರೆ. ಟೋಪಿ ಗಂಟು ಬಿಚ್ಚುತ್ತಿದ್ದ ನಾದಿನಿ, "ಸಾಹೇಬ್ರು ಫೇಲು," ಎಂದು ನಗುತ್ತಾರೆ.

"ಸುಮ್ನಿರೇ, ಕಲೀತಾರೆ," ಎಂದು ಬಾವುಟದಮ್ಮ ಊದಿದ ಮೊಣಕಾಲು ನೀವಿಕೊಳ್ಳುತ್ತಾ ಮರಳಿನ ಮೇಲೆ ಕೂರುತ್ತಾರೆ. "ನನಗೆ ಶಾಲು ಗೀಲು ಏನೂ ಬೇಡ. ಒಂದು ದಿನ ನಾನು ಜ್ವರ ಬಂದು ಮಲಗಿದ್ರೂ ಬಾವುಟ ಅದರ ಜಾಗದಲ್ಲೇ ಇರಬೇಕು. ಅಷ್ಟಾದ್ರೆ ಆ ದಿನ ಏಳು ಗಂಟೆ ತನಕ ನಿದ್ದೆ ಮಾಡ್ತೀನಿ."